ಹನ್ನೊಂದು ವರ್ಷದ ಅಜ್ಜಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳುವ ರೂಢಿಯಿಲ್ಲ. ಬಾಗಿಲು ದಾಟಿ ಬಂದವರನ್ನು ಅಕ್ಕ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, “ಏನು ಹಾಕ್ಕೊಂಡಿದೀರ ಇದು? ಯಾರು ಹೊಲಿದಿದ್ದು? ಎಲ್ಲಿ, ಸ್ವಲ್ಪ ತಿರುಗಿ” ಎನ್ನುತ್ತಾಳೆ. ಅದೇ ನಮ್ಮ ಕುಶಲಪ್ರಶ್ನೆ. ಅಕ್ಕನ ಮಗಳಂತೂ ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಚೂರುಗಳ ರಾಶಿಯಲ್ಲಿ, ಈ ಪ್ರಶ್ನೆಗಳನ್ನೇ ಜೋಗುಳದಂತೆ ಕೇಳಿಕೊಂಡು ಬೆಳೆದವಳು. ಈಗ ಹನ್ನೊಂದು ವರ್ಷ. ನಾವು ಅವಳನ್ನು ಕರೆಯುವುದು ಗುಂಡುಸೂಜಿ ಎಂದು. ತೆಳ್ಳಗಿದ್ದಾಳೆ, ಚುಚ್ಚುತ್ತಾಳೆ, ಬೇಕೆಂದಾಗ ಸಿಗುವುದಿಲ್ಲ.

ಅವಳ ಕೈಗೆ ಫೋನ್ ಬಂದದ್ದು ಗೆಳತಿಯ ದೆಸೆಯಿಂದ. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಆ ಹುಡುಗಿ ಹೋದ ವರ್ಷ ಅಪ್ಪ ಅಮ್ಮನ ಜೊತೆ ದೂರದೂರಿಗೆ ಹೊರಟುಹೋದಳು. ನಮ್ಮ ಗುಂಡುಸೂಜಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅಕ್ಕ ತನ್ನ ಹಳೆಯ ಫೋನನ್ನು ಒರೆಸಿ ಕೊಟ್ಟಳು. ಅಂದಿನಿಂದ ದಿನಾ ಸಂಜೆ ಆರಕ್ಕೆ ಇಬ್ಬರೂ ಸೇರಿ ಒಂದು ಕಥೆ ಕಟ್ಟುತ್ತಾರೆ. ದೆವ್ವವೊಂದು ಹಲ್ಲಿನ ಡಾಕ್ಟರಾಗುವ ಕಥೆ. ಒಂದು ಸಾಲು ಇವಳದು, ಒಂದು ಸಾಲು ಅವಳದು. ಆರು ಗಂಟೆಯ ನಂತರ ನಮ್ಮ ಅಂಗಡಿಗೆ ಬೆಂಕಿ ಬಿದ್ದರೂ ಗುಂಡುಸೂಜಿ ತಲೆಯೆತ್ತುವುದಿಲ್ಲ.

ಫೋನ್ ಕೊಡುವಾಗ ಅಕ್ಕ ಒಂದು ಕಾನೂನನ್ನೂ ಜೊತೆಗೆ ಕೊಟ್ಟಿದ್ದಳು. “ಗೊತ್ತಿಲ್ಲದವರಿಂದ ಒಂದೇ ಒಂದು ಎಡವಟ್ಟು ಮೆಸೇಜ್ ಬರ್ಲಿ, ಫೋನ್ ಸೀದಾ ನನ್ನ ಬೀರುವಿಗೆ. ಆಮೇಲೆ ಅತ್ರೆ ನಾನು ಕರಗೋದಿಲ್ಲ.”

ಹೀಗಿರುವಾಗ ಶಾಲೆಯ ಚಿತ್ರದ ಮೇಷ್ಟ್ರು ಮಕ್ಕಳಿಗೆಂದು ‘ಬಣ್ಣದ ಡಬ್ಬಿ’ ಎಂಬ ಮೆಸೇಜ್ ಗುಂಪು ತೆರೆದರು. ಸೇರುವ ಲಿಂಕು ಕೈಯಿಂದ ಕೈಗೆ ಹೋಯಿತು, ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಇದು ತಿಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಅಂಗಡಿಯಲ್ಲಿ ನನ್ನ ಪಾಲಿಗೆ ಬಂದಿರುವುದು ಗುಂಡಿ, ಕಾಜ ಮತ್ತು ಅಂಚಿನ ಹೊಲಿಗೆ. ಕೈ ಇಲ್ಲಿ ಓಡುತ್ತಿದ್ದರೂ ಮನಸ್ಸು ಏಳು ಸಮುದ್ರದಾಚೆ ಇರಬಹುದಾದ ಕೆಲಸ. ಹಾಗೆ ಮನಸ್ಸು ಅಲೆದಾಡಿದಾಗಲೆಲ್ಲ ಎದುರಾಗುತ್ತಿದ್ದವರು ಅಜ್ಜಿಯ ಕಥೆಗಳ ರಾಕ್ಷಸರು. ಅಕ್ಕತಂಗಿಯರಾದ ನಮ್ಮಿಬ್ಬರನ್ನು ಸಾಕಿದ ಅಜ್ಜಿ ಹೇಳಿದ ನೂರಾರು ಕಥೆಗಳಲ್ಲಿ ರಾಕ್ಷಸ ತನ್ನ ಮುಖ ಹೊತ್ತು ಬಂದದ್ದು ಒಮ್ಮೆಯೂ ಇಲ್ಲ. ಗಿಳಿಯಾಗಿ ಬರುತ್ತಾನೆ, ಮುದುಕಿಯಾಗಿ ಬರುತ್ತಾನೆ, ಬಾಯಾರಿದ ದಾರಿಹೋಕನಾಗಿ ಬರುತ್ತಾನೆ.

ವೇಷಕ್ಕೆ ವೇಷವೇ ಮದ್ದು ಎಂದುಕೊಂಡೆ. ‘ಬೆಳದಿಂಗಳು, ವಯಸ್ಸು ಹನ್ನೊಂದು’ ಎಂದು ಬರೆದುಕೊಂಡು ಯಾರಿಗೂ ಹೇಳದೆ ಬಣ್ಣದ ಡಬ್ಬಿಯೊಳಗೆ ಇಳಿದೆ.

ಎರಡೇ ದಿನಕ್ಕೆ ಅಲ್ಲಿಬ್ಬರು ಖೂಳರು ಕಣ್ಣಿಗೆ ಬಿದ್ದರು. ಒಬ್ಬಳ ಹೆಸರು ‘ಚಿಟ್ಟೆ’, ಹನ್ನೊಂದು ವರ್ಷವಂತೆ. ಗುಂಡುಸೂಜಿ ನವಿಲಿನ ಚಿತ್ರ ಹಾಕಿದರೆ ಈ ಚಿಟ್ಟೆ, ‘ಚೆನ್ನಾಗಿದೆ. ನೀರು ಕುಡಿದ್ಯಾ?’ ಎಂದು ಕೇಳಿದಳು. ಹನ್ನೊಂದು ವರ್ಷದ ಯಾವ ಮಗು ಇನ್ನೊಂದು ಮಗುವಿಗೆ ನೀರು ಕುಡಿದೆಯಾ ಎಂದು ಕೇಳುತ್ತದೆ? ಇನ್ನೊಬ್ಬಳು ‘ರಾಜಕುಮಾರಿ’. ಇವಳಿಗೂ ಹನ್ನೊಂದೇ. ಯಾರೋ ಹುಡುಗ ಬೆಕ್ಕಿನ ಚಿತ್ರ ಹಾಕಿದ್ದಕ್ಕೆ, ‘ಬಾಲ ಉದ್ದವಾಯಿತು ಕಂದಾ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದು ಬುದ್ಧಿ ಹೇಳಿದ್ದಳು.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಅಕ್ಕ ಮೆಷಿನ್ನಿನ ಮುಂದೆ ಕೂತು ಕೋಟಿನ ಕಾಲರು ತಿರುವುತ್ತಿದ್ದಳು. ಅಜ್ಜಿ ಎಲ್ಲೋ ಒಳಗಿದ್ದರು. ನಾನು ಗಂಟಲು ಸರಿಮಾಡಿಕೊಂಡು, “ಅಕ್ಕಾ, ಗುಂಡುಸೂಜಿ ಗುಂಪಲ್ಲಿ ಯಾರೋ ಸರಿ ಇಲ್ಲದವರು ಸೇರ್ಕೊಂಡಿದಾರೆ ಅನ್ಸತ್ತೆ” ಎಂದೆ.

ಅಕ್ಕನ ಮೆಷಿನ್ ನಿಂತಿತು. “ನಿಂಗೂ ಹಾಗನ್ನಿಸ್ತಾ? ಅವಳೇ ತಾನೆ? ಬೆಳದಿಂಗಳು?”

ನಾನು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ. “ಬೆಳದಿಂಗಳು ಏನು ಮಾಡಿದ್ಲು ಪಾಪ?”

“ಪಾಪವಂತೆ ಪಾಪ. ಮೊನ್ನೆ ಮಗು ಹೊಸ ಫ್ರಾಕಿನ ವಿಷಯ ಬರೆದ್ರೆ, ತೋಳು ನೆರಿಗೆಯದಾ, ಸಾದಾದಾ, ಹಾಕ್ಕೊಂಡ್ರೆ ಭುಜ ಸರಿ ಕೂರತ್ತಾ ಅಂತೆಲ್ಲ ಕೇಳಿದಾಳೆ. ಯಾವನೋ ಕಳ್ಳನೇ ಇರ್ಬೇಕು.”

“ನಿಂಗೆ ಅದೆಲ್ಲ ಹೇಗೆ ಗೊತ್ತು? ನೀನು ಗುಂಪಲ್ಲಿ ಇಲ್ವಲ್ಲ.”

ಅಕ್ಕ ಕಾಲರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ನಾನು ಮೇಜಿನ ಕೆಳಗೆ ಫೋನ್ ಹಿಡಿದು, ‘ಚಿಟ್ಟೆ, ನಿಜ ಹೇಳು, ನೀನು ಯಾರು?’ ಎಂದು ಬರೆದು ಕಳಿಸಿದೆ. ಅಕ್ಕನ ಮಡಿಲಲ್ಲಿ ಕೋಟಿನ ಬಟ್ಟೆಯ ಅಡಿಯಿಂದ ಟಿಂಗ್ ಎಂದಿತು.

ಅಕ್ಕ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ನಾನು ಅವಳ ಕೈಯಲ್ಲಿ ತಿಂದ ಪೆಟ್ಟುಗಳೆಲ್ಲ ಆ ಒಂದು ನೋಟದಲ್ಲಿದ್ದವು.

“ನಾಚಿಕೆ ಆಗ್ಬೇಕು ನಿಂಗೆ,” ಎಂದಳು.

“ನಂಗಾ? ನೀರು ಕುಡಿದ್ಯಾ ಅಂತ ಕೇಳೋ ಚಿಟ್ಟೆಗೆ ಆಗ್ಬಾರ್ದಾ?”

ಅಷ್ಟರಲ್ಲಿ ಅಳತೆ ನೋಡುವ ಕೋಣೆಯ ಪರದೆಯ ಹಿಂದಿನಿಂದ ಒಂದು ದನಿ ಕೇಳಿತು. ಕಿವುಡರಿಗೆ ಪಾಠ ಹೇಳುವಂತೆ ಒಂದೊಂದೇ ಪದ. “ನಾನು. ರಾಜಕುಮಾರಿ. ನನಗೆ. ಹನ್ನೊಂದು. ವರ್ಷ. ಚಿಟ್ಟೆ ಮತ್ತು ಬೆಳದಿಂಗಳು. ಜಗಳ. ಆಡಬೇಡಿ.”

ಪರದೆ ಸರಿಸಿದೆವು. ಎಪ್ಪತ್ತೆಂಟರ ಅಜ್ಜಿ ಸ್ಟೂಲಿನ ಮೇಲೆ ಕೂತು, ಫೋನನ್ನು ತುಟಿಗೆ ತಾಗಿಸಿಕೊಂಡು, ಬಾಯಲ್ಲಿ ಹೇಳಿದ್ದು ಅಕ್ಷರವಾಗುವುದನ್ನು ಕಣ್ಣರಳಿಸಿ ನೋಡುತ್ತಿದ್ದರು. ನಮ್ಮನ್ನು ಕಂಡು ಕೊಂಚವೂ ಅಳುಕಲಿಲ್ಲ.

“ಏನ್ರೇ ಹಾಗೆ ನೋಡ್ತೀರ? ನಿಮ್ಮ ಮೂಗು ಒರೆಸಿ ಬೆಳೆಸಿದೋಳು ನಾನು. ಕಾವಲು ಕಾಯೋದನ್ನ ನಿಮ್ಮಿಂದ ಕಲೀಬೇಕಾ?”

“ಕಾವಲಲ್ಲ ಅಜ್ಜಿ, ಇದು ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು,” ಎಂದಳು ಅಕ್ಕ.

“ಹೌದಮ್ಮ, ಮೂರು ಕಡೆ ಬೇಲಿ. ಒಂದೊಂದಕ್ಕೂ ಹನ್ನೊಂದು ವರ್ಷ.”

ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾದ ಮೇಲೆ ಮಗುವಿಗೆ ನಿಜ ಹೇಳಿಬಿಡುವುದೇ ಒಳ್ಳೆಯದೆಂದು ತೀರ್ಮಾನವಾಯಿತು. ಕಳ್ಳತನ ಮಾಡಿದವರು ಮೂವರು; ಒಪ್ಪಿಕೊಳ್ಳಲು ಮಾತ್ರ ಚಿಕ್ಕವಳಾದ ನನ್ನನ್ನು ಮುಂದೆ ತಳ್ಳಿದರು.

ನಾಲ್ಕೂವರೆಗೆ ಗುಂಡುಸೂಜಿ ಶಾಲೆಯಿಂದ ಬಂದಳು. ಚೀಲ ಎಸೆದಳು, ಮೇಜಿನ ಮೇಲೆ ಹತ್ತಿ ಕೂತಳು. ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕಾಲಾಡಿಸುತ್ತ ಕೇಳಿದಳು.

“ಗೊತ್ತಿತ್ತು,” ಎಂದಳು.

“ಏನು ಗೊತ್ತಿತ್ತು?”

“ಎಲ್ಲಾ. ಅಮ್ಮ ಚಿಟ್ಟೆಯಾದ್ರೂ ನೀರು ಕುಡ್ಸೋದು ಬಿಡಲ್ಲ. ಅಜ್ಜಿ ಬಾಯಿ ಬಿಟ್ರೆ ಗಾದೆ. ಇನ್ನು ನೀನು, ಚಿಕ್ಕಮ್ಮ, ಆಕಾಶದಲ್ಲಿ ಕುದುರೆ ಓಡ್ತಿದೆ ಅಂತ ಬರೆದೆ. ನಮ್ಮ ಕ್ಲಾಸಲ್ಲಿ ಯಾರೂ ಅಷ್ಟು ಚಿಕ್ಕಮಕ್ಕಳ ಥರ ಮಾತಾಡಲ್ಲ.”

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಮತ್ತೆ ಯಾಕೆ ಸುಮ್ನಿದ್ದೆ?” ಎಂದೆ.

“ನಿಮಗೆ ಖುಷಿಯಾಗ್ತಿತ್ತಲ್ಲ.” ಅವಳು ಶೂ ಬಿಚ್ಚುತ್ತ ಮುಂದುವರಿಸಿದಳು. “ಅಪ್ಪನಿಗೂ ಹೇಳ್ಬಿಡಿ, ಸಿಕ್ಕಿಬಿದ್ರು ಅಂತ. ಪಾಪ, ಅವರೊಬ್ಬರೇ ಇನ್ನೂ ಆಡ್ತಿದಾರೆ.”

ಭಾವ ಸರಕಿನ ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೆರಡು ಸಲ ಮನೆಗೆ ಬರುತ್ತಾರೆ.

“ಅಪ್ಪ ಏನು ಆಡ್ತಿದಾರೆ?” ಅಕ್ಕ ಕೇಳಿದಳು.

“ಗಾಳಿಪಟ ಅಂತ ಹೆಸರಿಟ್ಕೊಂಡಿದಾರೆ. ಗುಂಪಲ್ಲಿ ಮಾತಾಡಲ್ಲ, ನಂಗೆ ಬೇರೆಯಾಗಿ ಬರೀತಾರೆ. ನಿನ್ನೆನೂ ಬರೆದ್ರು.”

ಭಾವನ ಹಡಗು ನಡುಸಮುದ್ರ ಸೇರಿ ಒಂಬತ್ತು ದಿನವಾಗಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ದಡ ಮುಟ್ಟುವವರೆಗೂ ಅವರಿಂದ ಒಂದಕ್ಷರ ಬರುವಂತಿರಲಿಲ್ಲ.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ನಾನಲ್ಲ ಎಂದು ಮೂರೂ ಮುಖಗಳು ಹೇಳಿದವು.

“ಅದು ಅಪ್ಪ ಅಂತ ಯಾಕಂದ್ಕೊಂಡೆ, ಪುಟ್ಟಾ?” ಅಜ್ಜಿಯ ದನಿಯಲ್ಲಿ ತಮಾಷೆ ಇರಲಿಲ್ಲ.

“ನಮ್ಮನೆಯವರ ಥರಾನೇ ಕೇಳಿದ್ರು. ಏನು ಹಾಕ್ಕೊಂಡಿದೀಯ, ಹೊಸ ಫ್ರಾಕ್ ಹಾಕ್ಕೊಂಡು ಒಂದು ಫೋಟೋ ಕಳಿಸು ಅಂತ. ಮನೇಲಿ ಹೇಳ್ಬೇಡ, ಇದು ನಮ್ಮಿಬ್ಬರ ಗುಟ್ಟು ಅಂತಾನೂ. ಅಪ್ಪ ಬರೋ ವಿಷಯ ಯಾವಾಗ್ಲೂ ಗುಟ್ಟಾಗೇ ಇಡ್ತಾರಲ್ಲ.”

ಬೇರೆ ಯಾವ ಮನೆಯ ಮಗುವೇ ಆಗಿದ್ದರೂ ಆ ಪ್ರಶ್ನೆಗೆ ಹುಬ್ಬೇರಿಸುತ್ತಿತ್ತೇನೋ. ನಮ್ಮ ಮಗುವಿಗೆ ಅದು ಮನೆಮಾತು. ನಾವೇ ಕಲಿಸಿದ್ದೆವು.

“ಫೋಟೋ ಕಳಿಸಿದ್ಯಾ?” ಅಕ್ಕ ಕೇಳಿದಳು.

“ಹ್ಞೂಂ.” ಗುಂಡುಸೂಜಿ ಫೋನ್ ತೆಗೆದು ತೋರಿಸಿದಳು. ಹೊಸ ಹಳದಿ ಫ್ರಾಕು ನೆರಿಗೆ ಹಾರಿಸಿಕೊಂಡು ನಿಂತಿತ್ತು, ಅಂಗಡಿಯ ಮರದ ಬೊಂಬೆಯ ಮೈಮೇಲೆ. ತಲೆಯಿಲ್ಲ, ಕೈಯಿಲ್ಲ, ಹಿಂದೆ ಬರೀ ಬಿಳಿ ಗೋಡೆ. “ಬಟ್ಟೆ ಕೂರೋದು ನೋಡ್ಬೇಕಂದ್ರೆ ಬೊಂಬೆಗೇ ಹಾಕ್ಬೇಕು ಅಂತ ನೀನೇ ಹೇಳ್ತೀಯಲ್ಲಮ್ಮ.”

ಅಕ್ಕ ಅಲ್ಲೇ ಬಟ್ಟೆಗಂಟಿನ ಮೇಲೆ ಕುಸಿದು ಕೂತಳು. ನಾನು ಉಳಿದದ್ದನ್ನು ಓದಿದೆ. ‘ಯಾವ ಶಾಲೆ ನೀನು?’ ಎಂದು ಗಾಳಿಪಟ ಕೇಳಿದ್ದ. ‘ನಿಮಗೇ ಗೊತ್ತಲ್ಲ’ ಎಂದು ಇವಳು. ‘ಮರೆತುಹೋಯ್ತು, ಹೇಳು’ ಎಂದು ಅವನು. ಅಲ್ಲಿಂದಾಚೆ ಅವನು ಏಳು ಸಲ ಕೇಳಿದ್ದ. ಇವಳಿಂದ ಒಂದೂ ಉತ್ತರವಿಲ್ಲ.

“ಇಲ್ಲಿ ಯಾಕೆ ಸುಮ್ನಾದೆ?”

ಗುಂಡುಸೂಜಿಯ ಕೆಳತುಟಿ ಉಬ್ಬಿತು. “ಅಪ್ಪನಿಗೆ ನನ್ನ ಶಾಲೇನೇ ಮರೆತುಹೋಗಿದೆ ಅಂತ ಸಿಟ್ಟು ಬಂತು.”

ಮುನಿಸೂ ಒಮ್ಮೊಮ್ಮೆ ಮನೆ ಕಾಯುತ್ತದೆ. ಆದರೆ ಅದು ಅಪ್ಪನಲ್ಲ ಎಂದು ಅಜ್ಜಿ ಮೆಲ್ಲಗೆ ಹೇಳಿದಾಗ ಮಗುವಿನ ಮುಖ ಸಣ್ಣದಾಯಿತು. ಶಾಲೆ ಮರೆತವರು ಅಪ್ಪನಲ್ಲ ಎಂಬ ಸಮಾಧಾನ, ಇಷ್ಟು ದಿನ ಬರೆದವರೂ ಅಪ್ಪನಲ್ಲ ಎಂಬ ದುಃಖ, ಎರಡೂ ಒಟ್ಟಿಗೆ ಬಂದು ಯಾವುದಕ್ಕೆ ಮೊದಲು ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಕ್ಕ ಎದ್ದು ಕೈ ಚಾಚಿದಳು. “ಕೊಡಿಲ್ಲಿ ಫೋನು.”

ಗುಂಡುಸೂಜಿ ಅದನ್ನು ಎದೆಗೊತ್ತಿಕೊಂಡಳು. “ಬೀರುವಲ್ಲಿ ಇಡ್ತೀಯ.”

“ಇಡದೆ? ಕಾನೂನು ಏನಿತ್ತು?”

“ನಾನೇ ಅಲ್ವಾ ಹೇಳಿದ್ದು? ಹೇಳಿದ್ದಕ್ಕೆ ಕಿತ್ಕೊಳ್ಳೋದಾದ್ರೆ ಇನ್ಮೇಲೆ ಹೇಳೋದೇ ಇಲ್ಲ.” ಆಮೇಲೆ ದನಿ ಒಡೆಯಿತು. “ಆರು ಗಂಟೆಗೆ ಅವಳು ಕಾಯ್ತಾಳೆ. ಇವತ್ತು ನನ್ನ ಸಾಲು.”

ಅಕ್ಕ ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಅಕ್ಕನ ಚಾಚಿದ ಕೈಯನ್ನು ಹಿಡಿದು ಕೆಳಗಿಳಿಸಿದರು.

“ನೆಗಡಿ ಬಂತು ಅಂತ ಮೂಗು ಕೊಯ್ತಾರೇನೇ? ಇವತ್ತು ಕಿತ್ಕೊಂಡ್ರೆ ಫೋನ್ ನಿನ್ನ ಬೀರುವಲ್ಲಿ ಭದ್ರ. ಮಗುವಿನ ಬಾಯೂ ಅಲ್ಲೇ ಭದ್ರ. ಆಮೇಲೆ ಬೀಗದಕೈ ಹುಡುಕ್ತಾ ಕೂರು.”

ಮುಂದಿನ ಒಂದು ಗಂಟೆ ಮೂವರಿಗೂ ಕೈತುಂಬ ಕೆಲಸ. ಗಾಳಿಪಟ ಬರೆದದ್ದನ್ನೆಲ್ಲ ಅಳಿಸದೆ ಫೋನಿನ ಪರದೆಯ ಚಿತ್ರ ತೆಗೆದಿಟ್ಟುಕೊಂಡೆವು. ಅವನನ್ನು ಬ್ಲಾಕ್ ಮಾಡಿ, ದೂರಿನ ಗುಂಡಿ ಒತ್ತಿದ್ದು ಗುಂಡುಸೂಜಿಯೇ. ಎಲ್ಲಿ ಒತ್ತಬೇಕೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಪೊಲೀಸರಿಗೆ ಫೋನ್ ಮಾಡಿದೆ. ಅಲ್ಲಿನ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು, ಆ ಚಿತ್ರಗಳನ್ನು ತನ್ನಿ ಎಂದರು. ಚಿತ್ರದ ಮೇಷ್ಟ್ರು ಹೌಹಾರಿ ಲಿಂಕು ಮುಚ್ಚಿದರು, ಉಳಿದ ಮಕ್ಕಳ ಮನೆಗಳಿಗೂ ತಿಳಿಸಿದರು, ಆಮೇಲೆ ಗುಂಪಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ರಾಜಕುಮಾರಿಯ ಸರದಿ ಬಂದಾಗ ಅಜ್ಜಿ ತಮ್ಮ ನಿಜವಾದ ವಯಸ್ಸು ಹೇಳಿದರು. ಮೇಷ್ಟ್ರು ಇನ್ನೊಮ್ಮೆ ಹೇಳಿ ಎಂದರಂತೆ.

ಆರು ಹೊಡೆಯಿತು. ಫೋನ್ ಆಗ ಅಕ್ಕನ ಕೈಯಲ್ಲಿತ್ತು. ಗೆಳತಿಯ ಮೆಸೇಜು ಬಂದು ಬೆಳಗಿತು. ಅಕ್ಕ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಗುಂಡುಸೂಜಿ ಫೋನನ್ನೇ ನೋಡುತ್ತ ಕೂತಳು. ಕೊನೆಗೆ ಅಕ್ಕ ಫೋನನ್ನು ಮಗಳ ಮಡಿಲಿಗಿಟ್ಟು, “ಇಲ್ಲೇ ಕೂತು ಬರಿ, ನನ್ನ ಎದುರಿಗೆ,” ಎಂದಳು. “ಹೇಳಿದ್ದಕ್ಕೆ ಯಾವತ್ತೂ ಕಿತ್ಕೊಳ್ಳಲ್ಲ. ಹೇಳದೆ ಇದ್ರೆ ಮಾತ್ರ ನೋಡು.”

ಆ ಮಾತನ್ನು ಗುಂಡುಸೂಜಿ ನಂಬಲಿಲ್ಲ. ಬಟ್ಟೆ ಕೊಳ್ಳುವವರು ಅಂಚು ಎಳೆದು ನೋಡುವಂತೆ ಎಳೆದೆಳೆದು ನೋಡಿದಳು. ಮರುದಿನ ಬಂದು, “ಅಮ್ಮ, ಕ್ಲಾಸಿನ ಗುಂಪಲ್ಲಿ ಒಬ್ಬ ಕೆಟ್ಟ ಬೈಗುಳ ಬರೆದಿದಾನೆ,” ಎಂದಳು. ಅಕ್ಕನ ಮುಖದಲ್ಲಿ ಐದು ಬಣ್ಣ ಬಂದುಹೋದವು. “ಆಯ್ತು, ಹೇಳಿದ್ದು ಒಳ್ಳೇದಾಯ್ತು,” ಎಂದಳು, ಹಲ್ಲುಗಳ ನಡುವಿನಿಂದ. ಅದರ ಮರುದಿನ, “ಅದೇ ಬೈಗುಳ ನಾನೂ ಬರೆದೆ,” ಎಂದಳು. ಅಕ್ಕ ಎದ್ದುಹೋಗಿ ಎರಡು ಲೋಟ ನೀರು ಕುಡಿದು ಬಂದಳು. ಬುದ್ಧಿಮಾತು ಹೇಳಿದಳು. ಫೋನ್ ಮುಟ್ಟಲಿಲ್ಲ.

ಮುಂದಿನ ವಾರ ಒಂದು ಸಂಜೆ ಅಕ್ಕ ದೊಡ್ಡ ಪರದೆಯ ಬಟ್ಟೆ ಹರವಿಕೊಂಡು ಕತ್ತರಿಸುತ್ತಿದ್ದಳು. ಗಿರಾಕಿ ಎದುರಿಗೇ ಕಾಯುತ್ತ ಕೂತಿದ್ದರು. ಗುಂಡುಸೂಜಿ ಬಂದು ಮೇಜಿನ ಮೂಲೆಯಲ್ಲಿ ನಿಂತಳು. ಈ ಸಲ ಮೇಜು ಹತ್ತಲಿಲ್ಲ, ಕಾಲಾಡಿಸಲೂ ಇಲ್ಲ.

“ಅಮ್ಮ, ನಿಜವಾಗ್ಲೂ ಒಂದು ವಿಷಯ ಇದೆ. ಗೊತ್ತಿಲ್ಲದ ಯಾರೋ ಬರೆದಿದಾರೆ. ನಾನು ಏನೂ ಉತ್ತರ ಕೊಟ್ಟಿಲ್ಲ.”

ಅಕ್ಕ ಕತ್ತರಿಯನ್ನು ಅರ್ಧಕ್ಕೇ ಬಿಟ್ಟಳು. ಗಿರಾಕಿಗೆ ಐದು ನಿಮಿಷ ಎಂದು ಕೈಸನ್ನೆ ಮಾಡಿದಳು. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ನನ್ನ ಮಡಿಲಿಗೆ ತಳ್ಳಿ ಮಗಳಿಗೆ ಜಾಗ ಮಾಡಿಕೊಟ್ಟಳು.

“ಕೂತ್ಕೋ,” ಎಂದಳು. “ಮೊದಲಿಂದ ಹೇಳು.”