ಮುಖ ಕಾಣುವ ಆಮೆ

ತಂಗಿಯ ಕೈಗನ್ನಡಿ ಒಡೆದು ಹಾಕಿದ ದಿನ ಬಡಗಿ ಅವಳಿಗೊಂದು ಮಾತು ಕೊಟ್ಟಿದ್ದ. ಆಗಿನ್ನೂ ಅವನು ಬಡಗಿಯಲ್ಲ, ಅಪ್ಪನ ಹಿಂದೆ ಗೋಂದಿನ ಡಬ್ಬಿ ಹಿಡಿದು ತಿರುಗುವ ಪೋರ. ಕನ್ನಡಿಯಲ್ಲಿ ಬಿಸಿಲು ಹಿಡಿದು ಎದುರುಮನೆಯ ಬೆಕ್ಕಿನ ಕಣ್ಣಿಗೆ ಬಿಡಲು ಹೋಗಿ ಕೈ ಜಾರಿತ್ತು. ತಂಗಿ ಬೀದಿಯೆಲ್ಲ ಒಂದಾಗುವಂತೆ ಅತ್ತಳು.

"ಸುಮ್ನಿರೇ ಪುಟ್ಟಿ. ನಿನಗೊಂದು ಮರದ ಆಮೆ ಮಾಡಿಕೊಡ್ತೀನಿ. ಅದರ ಬೆನ್ನಿಗೆ ಎಂಥ ಪಾಲಿಶ್ ಹಾಕ್ತೀನಿ ಅಂದ್ರೆ, ನಿನ್ನ ಮುಖ ಕಾಣಬೇಕು."

ಆಮೆಯೇ ಯಾಕೆ ಅಂದನೋ ಇಬ್ಬರಿಗೂ ನೆನಪಿಲ್ಲ. ತನ್ನ ಜಾತಿಯ ನಿಧಾನಕ್ಕೆ ತಕ್ಕ ಹಾಗೆ ಅದು ಬರಲೇ ಇಲ್ಲ. ಅವನು ಊರಿನ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದ, ಮದುವೆಯಾದ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ, ತಲೆ ಬೋಳಾಯಿತು. ತಂಗಿ ಹೊಲಿಗೆ ಕಲಿತು ಎರಡು ಬೀದಿ ಆಚೆ ಸಂಸಾರ ಹೂಡಿದಳು. ಎದುರಿಗೆ ಸಿಕ್ಕಾಗಲೆಲ್ಲ ಅವಳದು ಒಂದೇ ಪ್ರಶ್ನೆ.

"ಅಣ್ಣ, ನನ್ನ ಆಮೆ ಎಲ್ಲಿಗೆ ಬಂತು?"

"ದಾರಿಯಲ್ಲಿದೆ ಕಣೇ. ಅವಸರ ಮಾಡಿದ್ರೆ ಮುಗ್ಗರಿಸುತ್ತೆ."

ಈ ವರ್ಷ ತಂಗಿ ಕಾಯಿಲೆ ಬಿದ್ದಳು. ಆಸ್ಪತ್ರೆಯ ಔಷಧಿ ಒಳಗಿನ ಗಡ್ಡೆಯನ್ನು ಕರಗಿಸುತ್ತಾ ಕರಗಿಸುತ್ತಾ ತಲೆಗೂದಲನ್ನೂ ಕೊಂಡುಹೋಯಿತು, ಹುಬ್ಬನ್ನೂ ಬಿಡಲಿಲ್ಲ. ಅವಳು ಆಮೆಯ ಸುದ್ದಿ ಎತ್ತುವುದನ್ನು ನಿಲ್ಲಿಸಿದಳು. ಬಡಗಿಯ ಎದೆಗೆ ನಾಟಿದ್ದು ಅದೇ. ಬಾಗಿಲ ಕೆಲಸದಲ್ಲಿ ಉಳಿದಿದ್ದ ತೇಗದ ತುಂಡು ಹಿಡಿದು ಕೂತ. ಅಂಗೈಯಗಲದ ಆಮೆ, ಯಾರೋ ಕರೆದಂತೆ ಕುತ್ತಿಗೆ ತುಸು ಓರೆ. ಕೆತ್ತನೆ ಸಲೀಸಾಗಿ ಮುಗಿಯಿತು. ಪಾಲಿಶ್ ಹತ್ತಿರ ಬಂದಾಗ ಕೈ ನಿಂತುಹೋಯಿತು.

ಹಿಂದಿನ ಸಲ ಹೋದಾಗ ತಂಗಿಯ ಕೋಣೆಯ ಗೋಡೆಗನ್ನಡಿಯನ್ನು ಟವೆಲ್ ಮುಚ್ಚಿದ್ದು ಅವನ ಕಣ್ಣಿಗೆ ಬಿದ್ದಿತ್ತು. ತನ್ನ ಮುಖವನ್ನು ತಾನೇ ನೋಡಲಾರದವಳ ಕೈಗೆ ಮುಖ ಕಾಣುವ ಆಮೆ ಕೊಡುವುದೇ? ಹಾಗಂತ ಮುಖ ಕಾಣದ ಹಾಗೆ ಮಾಡಿದರೆ, ನಿನ್ನ ಮುಖ ಈಗ ನೋಡುವಂತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗಲ್ಲವೇ?

"ಅವಳನ್ನೇ ಕೇಳಿ," ಎಂದಳು ಹೆಂಡತಿ.

"ಏನಂತ ಕೇಳ್ಲಿ?"

"ಹಾಗಾದ್ರೆ ನೀವೇ ತಲೆ ಕೆಡಿಸ್ಕೊಳ್ಳಿ. ಕೂದಲು ಉದುರೋ ಭಯವಂತೂ ಇಲ್ಲ."

ಅವನು ಎರಡು ಚೂರು ತೇಗ ತೆಗೆದುಕೊಂಡು ಒಂದಕ್ಕೆ ಅರಗಿನ ಪಾಲಿಶ್, ಇನ್ನೊಂದಕ್ಕೆ ಜೇನುಮೇಣ ಹಚ್ಚಿ ನೋಡಿದ. ಪಾಲಿಶಿನ ಚೂರಿನಲ್ಲಿ ಬಲ್ಬು ಬಲ್ಬಾಗಿಯೇ ಕಂಡಿತು. ಮೇಣದ ಚೂರು ಬೆಳಕನ್ನು ಮೆಲ್ಲಗೆ ಒಳಗೆಳೆದುಕೊಂಡು ಸುಮ್ಮನಾಯಿತು. ಆಮೆಗೆ ಮೇಣವನ್ನೇ ತಿಕ್ಕಿದ.

ತಂಗಿ ತಲೆಗೆ ಬಟ್ಟೆ ಸುತ್ತಿಕೊಂಡು, ಮಂಚದ ಮೇಲೆ ಕೂತು ಯಾರದೋ ಅಂಗಿಯ ಅಂಚು ಮಡಚುತ್ತಿದ್ದಳು. ಆಮೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿಸಿದಳು. ಹಾಗೆ ಹಿಡಿದಳು, ಹೀಗೆ ಹಿಡಿದಳು.

"ಚೆನ್ನಾಗಿದೆ. ಮುಖ ಎಲ್ಲಿ?"

"ಆಮೆದಾ? ಇಲ್ಲೇ, ಮುಂದುಗಡೆ."

"ನನ್ನದು."

"ಅದು… ಈ ಮರಕ್ಕೆ ಮೇಣನೇ ಒಪ್ಪೋದು. ಹೊಳೆಯೋ ಪಾಲಿಶ್ ಈಗ ಯಾರೂ ಹಾಕಿಸಲ್ಲ."

"ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗುತ್ತೆ ಅಣ್ಣ. ಮೊದಲು ಅದನ್ನ ಮುಚ್ಚೋಕೆ ನಿನಗೆ ಕೂದಲಾದ್ರೂ ಇತ್ತು."

ಅವನ ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಟವೆಲ್ ಇವತ್ತೂ ಕನ್ನಡಿಯ ಮೇಲೇ ಇತ್ತು. ತಂಗಿಯೂ ಅತ್ತ ನೋಡಿದಳು. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಅದು ಒದ್ದೆ ಟವೆಲ್ ಅಣ್ಣ. ಹಿತ್ತಲ ಹಗ್ಗದ ತನಕ ಹೋಗೋಕೆ ಸುಸ್ತಾಗುತ್ತೆ. ಈ ಕೋಣೇಲಿ ಮೊಳೆ ಅಂತ ಇರೋದು ಆ ಕನ್ನಡಿದೊಂದೇ."

ಅವನು ಎದ್ದು ಹೋಗಿ ಮುಟ್ಟಿ ನೋಡಿದ. ಒದ್ದೆಯಾಗಿತ್ತು.

"ನಾನು ದಿನಾ ನೋಡ್ಕೋತೀನಿ," ಎಂದಳು ತಂಗಿ. "ಮೊದಮೊದಲು ಕಷ್ಟ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಮನೆಗೆ ಬಂದೋರು ಯಾರೂ ನನ್ನ ಮುಖ ನೋಡಲ್ಲ. ಒಬ್ಬರು ನೆಲ ನೋಡ್ತಾರೆ, ಒಬ್ಬರು ಫ್ಯಾನ್ ನೋಡ್ತಾರೆ. ನೀನು ಬಂದಾಗಿಂದ ಆಮೆ ನೋಡ್ತಿದ್ದೀಯ. ನಾನಾದ್ರೂ ನೋಡ್ಕೋಬೇಡ್ವಾ?"

ಬಡಗಿ ತಲೆ ಎತ್ತಿ ನೋಡಿದ. ಹುಬ್ಬಿಲ್ಲದ ಮುಖದಲ್ಲಿ ಕಣ್ಣುಗಳು ದೊಡ್ಡದಾಗಿ ಕಂಡವು. ಕನ್ನಡಿ ಒಡೆದ ದಿನ ಅತ್ತ ಕಣ್ಣುಗಳೇ ಅವು.

"ಹಾಗಾದ್ರೆ ಆಮೆ ಎಲ್ಲಿಗೆ ಬಂತು ಅಂತ ಕೇಳೋದು ಯಾಕೆ ಬಿಟ್ಟೆ?"

"ಕೇಳಿದ್ರೆ ಕೊನೆ ಆಸೆ ಅಂದ್ಕೊಂಡು ಗಾಬರಿ ಬಿದ್ದು ಮಾಡಿಬಿಡ್ತೀಯ ಅಂತ. ನೋಡು, ಕೇಳದೇ ಇದ್ರೂ ಮಾಡಿದ್ದೀಯ."

ಮೇಣ ಕುಡಿದ ಮರದ ಮೇಲೆ ಪಾಲಿಶ್ ನಿಲ್ಲುವುದಿಲ್ಲ. ಮರುದಿನ ಬಡಗಿ ಸಾಮಾನೆಲ್ಲ ಹೊತ್ತು ತಂಗಿಯ ಹಿತ್ತಲಿಗೇ ಬಂದ. ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತದೆಂದು ಗೋಡೆಯ ಆ ತುದಿಗೆ ಹೋಗಿ ಕೂತ. ಥಿನ್ನರಿನಲ್ಲಿ ಮೇಣ ಒರೆಸಿ, ಸ್ಯಾಂಡ್‌ಪೇಪರ್ ಹಾಕಿ ಆಮೆಯನ್ನು ಮತ್ತೆ ಬೆತ್ತಲೆ ಮಾಡಿದ. ಹತ್ತಿಯನ್ನು ಹಳೆ ಬಟ್ಟೆಯಲ್ಲಿ ಉಂಡೆ ಕಟ್ಟಿ, ಅರಗಿನ ಪಾಲಿಶ್ ಕುಡಿಸಿ, ಸುತ್ತಿ ಸುತ್ತಿ ತಿಕ್ಕಿದ. ಒಣಗಲು ಬಿಟ್ಟು ಮತ್ತೆ ತಿಕ್ಕಿದ. ವಾರವೆಲ್ಲ ಇದೇ ಆಯಿತು. ತಂಗಿ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕೂತು, ಅವನು ಆಮೆಯನ್ನು ಗಾಜಿನ ಹತ್ತಿರ ತಂದು ಹಿಡಿದಾಗಲೆಲ್ಲ ಬೆರಳು ತೋರಿಸಿ ತೋರಿಸಿ ಕೆಲಸ ಮಾಡಿಸಿದಳು.

"ಹಿಂದಿನ ಕಾಲಿನ ಹತ್ತಿರ ಬಿಟ್ಟಿದ್ದೀಯ."

"ಬಡಗಿ ನೀನೋ ನಾನೋ?"

"ನೀನೇ. ಗಿರಾಕಿ ನಾನು."

ವಾಸನೆ ಪೂರ್ತಿ ಹೋದ ಮೇಲೆ ಅವಳ ಕೈಗೆ ಕೊಟ್ಟ. ಉಬ್ಬಿದ ಬೆನ್ನಲ್ಲಿ ಅವಳ ಮುಖ ಅಗಲವಾಗಿ, ಮೂಗು ದಪ್ಪವಾಗಿ ಕಂಡಿತು. ಅವಳು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೊಮ್ಮೆ ನೋಡಿದಳು.

"ಇದೇನಣ್ಣ, ಇದರಲ್ಲಿ ನಾನು ಥೇಟ್ ನಿನ್ನ ಥರಾನೇ ಇದ್ದೀನಿ."

ಅವನೂ ಬಗ್ಗಿದ. ಆಮೆಯ ಬೆನ್ನ ಮೇಲೆ ಎರಡು ಬೋಳುತಲೆ ಅಕ್ಕಪಕ್ಕ ಕೂತವು.

"ನಿನಗೆ ಮತ್ತೆ ಬರುತ್ತೆ ಬಿಡು. ನನ್ನದೇ ಹೋಗಿದ್ದು ಹೋಯ್ತು," ಎಂದ.

ಆಮೆ ಬಂದು ಮುಟ್ಟಿತ್ತು. ಬೆನ್ನಲ್ಲಿ ತಂಗಿಯ ಮುಖ ಕಾಣುತ್ತಿತ್ತು. ಅಣ್ಣ ಕೊಟ್ಟ ಮಾತು ನಡೆಸಿದ.