ಕಾವಲಿಯ ಬದಿಯ ಸೀಸೆ

ಎದುರು ಗೋಡೆಯ ಟೋಕನ್ ಬೋರ್ಡಿನಲ್ಲಿ ಕೆಂಪು ಅಂಕಿ ಉಬ್ಬುತ್ತಿದೆ, ಎಂಟೋ ಮೂರೋ, ಪಾಪೆ ಹಿಗ್ಗಿಸುವ ಹನಿ ಬಿಟ್ಟು ಅರ್ಧ ಗಂಟೆಯಾಯಿತು, ಪಕ್ಕದಲ್ಲಿ ಮಗಳು ಹರ್ಷಿಣಿ, ಇನ್ನು ಮೂಣು ಪೇರ್‌ಪ್ಪಾ ಅನ್ನುತ್ತಾಳೆ, ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ, ಪೆರಂಬೂರಿನಲ್ಲಿ ಹುಟ್ಟಿದವಳು, ಇರಲಿ — ಮೂವರಾದ ಮೇಲೆ ನಾನು, ಮತ್ತೆ ಅದೇ ಡಾಕ್ಟರಮ್ಮ, ಬೆಳಿಗ್ಗೆಯೇ ಹೇಳಿದ್ದಾರೆ, ಕಣ್ಣಿನೊಳಗೆ ಉರಿಯೂತ, ಬಲಗಣ್ಣಿನ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಂಡಿದೆ, ಪೊರೆ ಬಂದಿದೆ, ಒತ್ತಡ ಏರಿ ನರ ಸವೆದಿದೆ, ಹೋದ ನೋಟ ಬರುವುದಿಲ್ಲ, ಪೊರೆ ತೆಗೆಯುವುದೂ ಉರಿಯೂತ ಮೂರು ತಿಂಗಳು ಅಡಗಿದ್ದ ಮೇಲೆ, ಎಡಗಣ್ಣು ಉಳಿಸಬಹುದು — ಉಳಿಸಬಹುದು ಅಂದರು, ಉಳಿಯುತ್ತದೆ ಅನ್ನಲಿಲ್ಲ. ದೋಸೆ ಹೊಯ್ಯಲು ಒಂದು ಕಣ್ಣು ಸಾಕು, ಇಪ್ಪತ್ತು ವರ್ಷದ ಕೈಗೆ ಕಾವಲಿ ಗೊತ್ತು, ಆದರೆ ಆ ಪ್ರಶ್ನೆ, ಕಾವಲಿಯ ಬದಿಯಲ್ಲಿಡುವ ನನ್ನ ಸೀಸೆ ಎತ್ತಿ ಹಿಡಿದು ಕೇಳಿದ್ದು, ಈ ಹನಿ ಎಷ್ಟು ದಿನ ಬಿಟ್ಟಿರಿ, ಹತ್ತು ದಿನ ಅಂದೆ, ಸುಳ್ಳು, ಮೂರು ವರ್ಷ. ಮೊದಲ ಸಲ ಕೆಂಪಾದಾಗ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟದ್ದು, ಎರಡು ದಿನದಲ್ಲಿ ಕೆಂಪು ಮಾಯ, ವಾರ ಬಿಟ್ಟು ತೋರಿಸಿ ಎಂದಿದ್ದರು, ಯಾರು ಹೋಗುತ್ತಾರೆ ಟಿಫಿನ್ ಹೊತ್ತಿನಲ್ಲಿ ಕಾವಲಿ ಬಿಟ್ಟು — ಮತ್ತೆ ಕೆಂಪಾದರೆ ಒಗ್ಗರಣೆ ಹೊಗೆ ಅಂತ ಅದೇ ಸೀಸೆ, ಕೆಂಪು ಹೋದರೆ ನಿಲ್ಲಿಸುವುದು, ಬಂದರೆ ಬಿಡುವುದು, ಖಾಲಿಯಾದರೆ ಮೆಡಿಕಲ್ ಶಾಪಿನಲ್ಲಿ ಹಳೆ ಡಬ್ಬಿ ತೋರಿಸುವುದು. ಹೋಟೆಲಿಗೆಲ್ಲ ನಾನೇ ಡಾಕ್ಟರು, ಹಿಟ್ಟು ರುಬ್ಬುವ ಮೋನಪ್ಪ ಬಂದು ವಿಷ್ಣಣ್ಣ, ನಿಮ್ಮ ಮದ್ದು ಒಂದು ಬಿಂದು ಬಿಡಿ ಮಾರಾಯ್ರೆ ಅನ್ನುವುದು, ನನಗೂ ಜಂಬ, ಎಂಥ ಪೆದ್ದ. ಡಾಕ್ಟರಮ್ಮ ಅಂದರು, ಇದು ಸ್ಟೀರಾಯ್ಡ್, ಕೆಲವರಿಗೆ ಈ ಹನಿಯಿಂದಲೇ ಕಣ್ಣಿನ ಒತ್ತಡ ಏರುತ್ತದೆ, ಅಪ್ಪನಿಗಿದ್ದರೆ ಮಕ್ಕಳಿಗೂ ಇರಬಹುದು, ಮನೆಯಲ್ಲಿ ಬೇರೆ ಯಾರಾದರೂ ಬಿಟ್ಟಿದ್ದಾರಾ, ಇಲ್ಲ ಮೇಡಂ ಅಂದೆ, ಎಷ್ಟು ಸಲೀಸಾಗಿ — ಕಳೆದ ಬೇಸಗೆಯಲ್ಲಿ, ಮತ್ತೆ ದೀಪಾವಳಿಗೆ, ಮತ್ತೆ ಪರೀಕ್ಷೆಯ ಎರಡು ತಿಂಗಳು, ಕಣ್ಣು ಅರಿಕ್ಕುದುಪ್ಪಾ ಎಂದು ತುರಿಕೆಗೆ ಉಜ್ಜಿಕೊಂಡು ಬಂದವಳು ಹರ್ಷಿಣಿ, ಮುಖ ಮೇಲೆತ್ತಿ ನಿಂತವಳು, ನಾನೇ ಬೆರಳಿನಿಂದ ಕೆಳರೆಪ್ಪೆ ಎಳೆದು — ನನ್ನ ಕಣ್ಣು ಹೋದದ್ದಕ್ಕೆ ಇಷ್ಟು ಹೆದರಿಕೆಯಾಗಿರಲಿಲ್ಲ. ಹೆಂಡತಿ ಸುಗುಣಾ ಆಗಲೇ ಕೇಳಿದ್ದಳು, ಹೆಣ್ಣುಮಗುವಿನ ಕಣ್ಣು, ಡಾಕ್ಟರಿಗೆ ತೋರಿಸಬಾರದಾ ನೀವು, ನಾನು ನಕ್ಕಿದ್ದೆ, ಮುಖ ಮೇಲೆತ್ತು ಮಗಾ ಅಂದಿದ್ದೆ. ವಿಷ್ಣುಮೂರ್ತಿ ಎಂದು ಕರೆಯುತ್ತಿದ್ದಾರೆ, ಅಪ್ಪಾ ವಾಂಗ, ಕೈ ಹಿಡಿದಳು, ಏಳುತ್ತೇನೆ, ಮೊದಲು ಇವಳನ್ನು ನೋಡಿ ಅನ್ನುತ್ತೇನೆ, ಬಾಗಿಲು ಎಲ್ಲೋ ಮಂಜು, ಕಾಣುವುದು ಅದೊಂದೇ, ಮೇಲೆತ್ತಿದ ಮುಖ, ನನ್ನ ಬೆರಳು, ಮಿಟುಕಿಸಬೇಡ ಎಂದದ್ದಕ್ಕೆ ಮಿಟುಕಿಸದೆ ತೆರೆದೇ ಇದ್ದ ಕಣ್ಣು