ಕ್ಲಿಂಗನ್ ಪಟ್ಟಿಯಲ್ಲಿ ಒಂದು ಬಾಕಿ

"ಸ್ನೇಹಲ್, ಹೊಸಾ ಭಾಷಾ ಸೈಟಿಗೆ ಹಾಕೋದು ಐದಕ್ಕ ಬಂದ್ ಮಾಡ್ತೀನಿ ನೋಡ," ಎಂದು ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಸಂಜುದಾದಾ ಫೋನಿನಲ್ಲಿ ಗದರಿದ. "ಪೂರ್ತಿ ಆದ ಭಾಷಾ ಸೈಟಿಗೆ ಹೋಗ್ತದ, ಅದರ ಪಟ್ಟಿಗೆ ಬೀಗ. ಅರ್ಧಾ ಉಳಿದದ್ದು ಸೈಟಿಗೆ ಬರಂಗಿಲ್ಲ, ಪಟ್ಟಿ ಹಂಗ ತೆರೆದಿರ್ತದ. ನಿಮ್ಮ ಕ್ಲಿಂಗನ್‌ದು ನಾಕು ಶಬ್ದ ಬಾಕಿ ಅದ."

ನಿಮ್ಮ ಅಂದರೆ ನನ್ನದು ಮತ್ತು ನನ್ನ ಗೆಳತಿ ರೇಣುದು. ಟೀವಿಯ ಅನ್ಯಗ್ರಹದವರಿಗೆಂದು ಯಾರೋ ಕಟ್ಟಿದ ಆ ಭಾಷೆಗೆ ಸೈಟಿನ ಗುಂಡಿಗಳ ಹೆಸರನ್ನೆಲ್ಲ ತರುವ ಹುಚ್ಚು ಅವಳದೇ. ಅದರಲ್ಲಿ 'ಸ್ವಾಗತ'ಕ್ಕೆ ಪದವೇ ಇಲ್ಲ, ಎದುರಾದವರಿಗೆ 'ಏನು ಬೇಕು?' ಎನ್ನುತ್ತಾರೆ. "ಥೇಟ್ ನಮ್ಮ ಅಜ್ಜಿ ಮಾತಾಡಿದಂಗ ಅದಲೇ!" ಎಂದು ಕ್ಯಾಂಟೀನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. ಅದನ್ನು ಸೈಟಿನಲ್ಲಿ ನೋಡಬೇಕೆಂಬುದು ಅವಳ ಆಸೆ. ಮೂರು ತಿಂಗಳ ಹಿಂದೆ ಚಾಕಣ ರಸ್ತೆಯಲ್ಲಿ ಸ್ಕೂಟಿ ಜಾರಿ ಅವಳು ತೀರಿಹೋದಳು.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಬೇಕು, ಅದು ನಿಯಮ. ಇನ್ನು ಒಪ್ಪುವವರು ಯಾರು? ಆದರೂ ಪಿಂಪ್ರಿಯಿಂದ ಹೊರಟ ಲೋಕಲ್ ರೈಲಿನಲ್ಲಿ, ಹೆಂಗಸರ ಖಾಲಿ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲೇ ಬರೆದೆ. 'ಮನೆ'ಗೆ ಜುಹ್.

ಒಪ್ಪಿಗೆಯ ಹಸಿರು ಟಿಕ್ ಬಂತು. ಪಕ್ಕದಲ್ಲಿ ಹೆಸರು: ರೇಣು.

ಸಂಜುದಾದಾನಿಗೆ ಫೋನ್ ಹಚ್ಚಿದೆ. "ಆಕಿ ಅಕೌಂಟ್ ನೀ ತೆಗದಿಯೇನೋ?"

"ಹುಚ್ಚೀ, ಆಕಿ ಪಾಸ್‌ವರ್ಡ್ ನನಗೆಲ್ಲಿಂದ ಬರಬೇಕ?"

'ಹುಡುಕಿ'ಗೆ ನೆಜ್. ಟಿಕ್. 'ಹಿಂದಕ್ಕೆ' ಎಂಬುದಕ್ಕೆ ಚೆಘ್. ಬೆರಳು ಎತ್ತುವ ಮೊದಲೇ ಟಿಕ್! ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಉಳಿದದ್ದು 'ಲಾಗೌಟ್' ಒಂದೇ. ಅದಕ್ಕೂ ಟಿಕ್ ಬಿದ್ದರೆ ಪಟ್ಟಿಗೆ ಬೀಗ. ಆಮೇಲೆ ಅವಳ ಹೆಸರು ಎಂದೂ ಬೆಳಗುವುದಿಲ್ಲ. ಆದರೆ ಸೈಟಿನಲ್ಲಿ ನೋಡುವುದು ಅವಳ ಆಸೆಯಲ್ಲವೇ? ಐದಕ್ಕೆ ನಾಲ್ಕು ನಿಮಿಷವಿರುವಾಗ 'ಮೆಜ್', ಅಂದರೆ 'ಹೊರಡು', ಎಂದು ಬರೆದುಬಿಟ್ಟೆ.

ಟಿಕ್ ಬರಲಿಲ್ಲ. ಕೆಳಗೆ ಒಂದು ಸಾಲು ಮೂಡಿತು: "ಇಷ್ಟ್ ಅವಸರ ಯಾಕಲೇ?"

ಬರೆದದ್ದನ್ನು ಅಳಿಸಿದೆ.

ಐದಾಯಿತು. ಸಂಜುದಾದಾ ಫೋನ್ ಮಾಡಿದ. "ಒಂದ ಒಂದು ಬಾಕಿ ಇತ್ತಲ್ಲೇ! ರೇಣು ಸಲುವಾಗಿ ಅಷ್ಟೂ ಮಾಡಲಿಲ್ಲೇನ ನೀ?"

"ಇರಲಿ ಬಿಡೋ ದಾದಾ. ಆಕಿಗೂ ಬ್ಯಾಡಂತ."

ಕರೆ ಮುಗಿಸಿ ಪಟ್ಟಿ ನೋಡಿದರೆ ಇನ್ನೊಂದು ಸಾಲು ಬಂದಿತ್ತು: "ಸ್ವಲ್ಪ ಸರಿ. ಕಿಡಕಿ ಕಡೆ ನಾ ಕೂಡ್ತೀನಿ."

ನಾನು ಕಿಟಕಿ ಬಿಟ್ಟು ಸರಿದು ಕೂತೆ.